ಕಿಟಕಿ ಪಕ್ಕದ ಸೀಟು

"ಮೊದಲು ಜೆಲ್ಲಿ ಹಚ್ತಾರೆ, ತಣ್ಣಗಿರತ್ತೆ. ಆಮೇಲೆ ಕಚಗುಳಿ. ನಗಬಾರದು, ಗೊತ್ತಾಯ್ತಾ?"

ಸ್ಕ್ಯಾನ್ ರೂಮಿನ ಹೊರಗೆ ಗೋಲಿ ತನ್ನ ಅಕ್ಕನಿಗೆ ಪಾಠ ಹೇಳುತ್ತಿದ್ದ. ನಾಲ್ಕು ವರ್ಷದ ಈ ಮೇಷ್ಟರಿಗೆ ಹುಟ್ಟುವಾಗಲೇ ಹೃದಯದಲ್ಲೊಂದು ತೂತಿತ್ತು. ಆಪರೇಷನ್ ಮಾಡಿ ಮುಚ್ಚಿದ್ದರು. ಸ್ಕ್ಯಾನ್ ಅಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ಆದರೆ ಇವತ್ತಿನ ಸ್ಕ್ಯಾನ್ ಅವನಿಗಲ್ಲ, ಅಕ್ಕ ಚೂಟಿಗೆ.

ಡಾಕ್ಟರಮ್ಮ ಮೊದಲೇ ವಿವರಿಸಿದ್ದರು. "ಇಂಥ ತೂತು ಯಾಕಾಗತ್ತೆ ಅಂತ ಹುಡುಕ್ತಾ ಇದೀವಿ. ಅದಕ್ಕೆ ಅಕ್ಕ, ಅಣ್ಣಂದಿರ ಹೃದಯಾನೂ ನೋಡಬೇಕು. ಅಮ್ಮ ಒಪ್ಪಿದಾರೆ, ನೀನೂ ಹೂಂ ಅನ್ನಬೇಕು. ಬೇಡ ಅಂದ್ರೆ ಯಾರೂ ಬೈಯಲ್ಲ."

ಚೂಟಿಯ ಎದೆ ಧಸಕ್ಕೆಂದಿತ್ತು. ಯಾಕಾಯಿತು ಅಂತ ಅವಳಿಗೆ ಗೊತ್ತಿತ್ತು. ಗೋಲಿ ಹೊಟ್ಟೆಯಲ್ಲಿದ್ದಾಗ ಅವಳು ಸೋಫಾದ ಮೇಲಿಂದ ಅಮ್ಮನ ಮಡಿಲಿಗೆ ಹಾರಿದ್ದಳು. ಅಮ್ಮ "ಅಯ್ಯೋ" ಎಂದು ಹೊಟ್ಟೆ ಹಿಡಿದುಕೊಂಡಿದ್ದಳು. ಆಮೇಲೆ ಗೋಲಿ ಹುಟ್ಟಿದ, ತೂತಿನ ಜೊತೆಗೆ.

ಅಂದಿನಿಂದ ಬಿಸ್ಕತ್ತಿನ ದೊಡ್ಡ ಚೂರು ಗೋಲಿಗೆ. ಕೆಂಪು ಸ್ಕೆಚ್ ಪೆನ್ ಗೋಲಿಗೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಗೋಲಿಗೇ. "ಎಂಥಾ ಒಳ್ಳೆ ಅಕ್ಕ" ಎಂದು ಯಾರಾದರೂ ಹೊಗಳಿದರೆ ಚೂಟಿಗೆ ಅಳು ಬರುತ್ತಿತ್ತು.

ಬೇಡ ಅಂದರೆ ಅನುಮಾನ ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತದೆ. ಅದಕ್ಕೇ ಅವಳು ಹೂಂ ಅಂದಿದ್ದಳು.

ಈಗ ಅಮ್ಮ, ಗೋಲಿಯ ಜೊತೆ ಅವಳನ್ನು ಒಳಗೆ ಕರೆದರು. ಚೂಟಿ ಮಂಚದ ಮೇಲೆ ಮಲಗಿದಳು. ಜೆಲ್ಲಿ ನಿಜವಾಗಿಯೂ ತಣ್ಣಗಿತ್ತು. ಪರದೆಯ ಮೇಲೆ ಅವಳ ಹೃದಯ ಪಟಪಟ ಬಡಿಯತೊಡಗಿತು.

"ಅಕ್ಕಂದು ಕುಣೀತಾ ಇದೆ" ಎಂದ ಗೋಲಿ.

"ಯಾಕಮ್ಮ ಇಷ್ಟು ಜೋರು? ಭಯಾನಾ?" ಡಾಕ್ಟರಮ್ಮ ಕೇಳಿದರು.

ಇನ್ನು ತಡೆಯಲಾಗಲಿಲ್ಲ. "ಹುಡುಕಬೇಡಿ. ನಾನೇ ಮಾಡಿದ್ದು" ಎಂದು ಚೂಟಿ ಬಿಕ್ಕಿದಳು. ಸೋಫಾದ ಕತೆಯೆಲ್ಲ ಹೊರಗೆ ಬಂತು.

ಡಾಕ್ಟರಮ್ಮನ ಕೈ ನಿಂತಿತು. "ಆಗ ಅಮ್ಮನ ಹೊಟ್ಟೆ ಎಷ್ಟು ದೊಡ್ಡದಿತ್ತು?"

"ತುಂಬಾ. ಎದ್ದೇಳೋಕೆ ಅಪ್ಪ ಕೈ ಹಿಡೀಬೇಕಿತ್ತು."

"ಹೃದಯ ತಯಾರಾಗೋದು ಅದಕ್ಕೂ ಎಷ್ಟೋ ಮೊದಲು. ಆಗ ಮಗು ಕಾಳಿನಷ್ಟಿರತ್ತೆ, ಹೊಟ್ಟೆ ಕಾಣೋದೇ ಇಲ್ಲ. ನೀನು ಹಾರೋ ಹೊತ್ತಿಗೆ ಆ ತೂತು ಆಗಲೇ ಇತ್ತು."

"ಹಾಗಾದ್ರೆ ಯಾರು ಮಾಡಿದ್ದು?"

"ಯಾರೂ ಅಲ್ಲ. ಯಾಕಾಗತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಗೊತ್ತಿದ್ದಿದ್ರೆ ನಿನಗ್ಯಾಕೆ ಜೆಲ್ಲಿ ಹಚ್ಚಿ ಮಲಗಿಸ್ತಿದ್ದೆ?"

ಅಮ್ಮ ಹತ್ತಿರ ಬಂದು ಚೂಟಿಯ ಕಣ್ಣೊರೆಸಿದಳು. "ನೀನು ಹಾರಿದ್ದು ನಂಗೆ ನೆನಪೇ ಇಲ್ಲ ಕಣೇ. ಇಷ್ಟು ವರ್ಷ ಒಬ್ಳೇ ಹೊಟ್ಟೇಲಿ ಇಟ್ಕೊಂಡಿದ್ಯಾ?" ಎಂದಳು.

ಪರದೆಯ ಮೇಲಿನ ಕುಣಿತ ಮೆಲ್ಲಗೆ ನಿಧಾನವಾಯಿತು. "ನಿನ್ನ ಹೃದಯ ಚೆನ್ನಾಗಿದೆ" ಎಂದರು ಡಾಕ್ಟರಮ್ಮ. "ನಮ್ಮ ಹುಡುಕಾಟಕ್ಕೆ ಇದೂ ಸೇರಿತು."

ಮನೆಗೆ ಹೋಗುವ ಬಸ್ಸು ಬಂತು. ಗೋಲಿ ಎಂದಿನಂತೆ ಕಿಟಕಿಯತ್ತ ಓಡಿದ. ಅಷ್ಟರಲ್ಲಿ ಚೂಟಿ ನುಸುಳಿ ಅಲ್ಲಿ ಕುಳಿತಿದ್ದಳು.

"ಏಳು, ಅದು ನನ್ನ ಸೀಟು."

"ಇವತ್ತು ನಂದು."

"ಅಮ್ಮಾ, ನೋಡು ಅಕ್ಕನ್ನ."

ಅಮ್ಮ ಕೇಳಿಸಿದರೂ ಕೇಳಿಸದವಳಂತೆ ಕುಳಿತಳು. ಗೋಲಿ ಚಿವುಟಿದ. ಚೂಟಿ ಅವನ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಅವಳೂ ಚಿವುಟಿದಳು. ಜಗಳ ಅವರ ಸ್ಟಾಪ್ ಬರುವವರೆಗೂ ನಡೆಯಿತು.