ಖಂಡೆ ಪೂಜೆಯ ಕಳಸ

ವರ್ಕ್‌ಶಾಪಿನ ಬಾಗಿಲು ತೆರೆದ ಅಮೀರಸಾಬರು ಹೊಸ್ತಿಲಲ್ಲೇ ನಿಂತುಬಿಟ್ಟರು. ಸುತ್ತಿಗೆ, ಉಳಿ, ಗರಗಸ, ಇಕ್ಕಳ, ಒಂದೂ ಇರಲಿಲ್ಲ.

ವಡಾಲದ ಆ ಕನ್ನಡ ಶಾಲೆಯ ಮಕ್ಕಳು ಬಡಗಿ ಕೆಲಸ ಕಲಿಯಲೆಂದು ದಾನಿಗಳು ದುಡ್ಡು ಕೊಟ್ಟಿದ್ದರು. ನಿನ್ನೆ ಸಂಜೆ ಹೊಸ ಉಪಕರಣಗಳಿಗೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಆಗಿತ್ತು. ಇವತ್ತು ದಸರೆ, ದಾನಿಗಳೇ ಬಂದು ಅವನ್ನು ಮಕ್ಕಳ ಕೈಗೆ ಕೊಡಬೇಕಾಗಿತ್ತು. ಅಷ್ಟರಲ್ಲಿ ಕಳ್ಳತನ.

ಸಬ್ ಇನ್‌ಸ್ಪೆಕ್ಟರ್ ವಂದನಾ ಬಂದಾಗ ಬಡಗಿ ಮೇಷ್ಟ್ರು ಅಮೀರಸಾಬರು ಬಾಗಿಲಿಗೆ ಮತ್ತೆ ಬೀಗ ಹಾಕಿ, ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದರು. ಅಂಗಳದಲ್ಲಿ ತನ್ನ ಕಾರಿನ ಪಕ್ಕ ನಿಂತಿದ್ದ ಶಾಲೆಯ ಕಾರ್ಯದರ್ಶಿ ಶಶಿಕಾಂತ ಜೀಪಿನ ಹತ್ತಿರವೇ ಗಂಟುಬಿದ್ದ. ಹಣೆ ತುಂಬ ವಿಭೂತಿ, ಮಾತಿನ ತುಂಬ ದೇವರು.

"ಬೀಗ ಒಡದಿಲ್ಲ ಮ್ಯಾಡಮ್. ಕೀಲಿಕೈ ಎರಡ. ಒಂದು ನನ್ನ ಕಡೆ, ಒಂದು ಈ ಸಾಬರ ಕಡೆ. ಇನ್ನ ನೀವ ತಿಳಕೋರಿ."

"ನೀವು ಇವತ್ತ ಒಳಗ ಹೋಗಿದ್ರೇನ್ರಿ?"

"ಇಲ್ರಿ. ನಿನ್ನೆ ಪೂಜಾ ಮಾಡಿ ಎಲ್ಲಾರ ಜೋಡಿ ಹೊರಗ ಬಂದಾಂವ, ಆಮ್ಯಾಲೆ ಕಾಲಿಟ್ಟಿಲ್ಲ. ದೇವರಾಣಿ."

ವಂದನಾ ಜೊತೆ ಬಂದಿದ್ದ ಹವಾಲ್ದಾರ ಅಮೀರಸಾಬರ ಚೀಲ ಸುರುವಿದ. ಒಂದು ಉಳಿ ಹೊರಬಿತ್ತು. "ನೋಡ್ರಿ!" ಎಂದ ಶಶಿಕಾಂತ, ಹಬ್ಬದೂಟ ಕಂಡವನ ಹಾಗೆ.

ವಂದನಾ ಎತ್ತಿ ನೋಡಿದಳು. ಹಿಡಿ ಬೆವರಿಗೆ ಕಪ್ಪಾಗಿತ್ತು. ಅಲಗು ಮಸೆದು ಮಸೆದು ಅರ್ಧಕ್ಕೆ ಬಂದಿತ್ತು.

"ನಮ್ಮ ಅಬ್ಬಾಂದು ಬೇಟಿ," ಎಂದರು ಅಮೀರಸಾಬರು. "ನೌಕರಿ ಹೋದ್ರ ಹೋಗ್ಲಿ. ಚೋರ್ ಅನ್ನಿಸ್ಕೊಂಡು ಈ ಹುಡುಗರ ಮುಂದ ಹೆಂಗ ನಿಲ್ಲಲಿ?"

*

ವಂದನಾ ಒಬ್ಬಳೇ ಒಳಗೆ ಹೋದಳು. ಬೆಂಚುಗಳು ಮಗುಚಿದ್ದವು, ಮೊಳೆಗಳು ಚೆಲ್ಲಾಡಿದ್ದವು. ಕಳ್ಳ ಬಂದಿದ್ದ ಎಂದು ಡಂಗುರ ಸಾರುವಂಥ ಅವಾಂತರ. ಪೂಜೆಯ ಮಣೆಯೊಂದೇ ಶಾಂತವಾಗಿತ್ತು. ಕಳಸದ ನೀರು ಒಂದು ಹನಿಯೂ ತುಳುಕಿರಲಿಲ್ಲ.

ನಿನ್ನೆ ಬೀಗ ಹಾಕುವ ಮುಂಚೆ ಅಮೀರಸಾಬರು ಮೊಬೈಲಿನಲ್ಲಿ ತೆಗೆದಿದ್ದ ಒಂದು ಫೋಟೋ ಅವಳ ಕೈಲಿತ್ತು. ಅದರಲ್ಲಿ ಕಳಸ ರಂಗೋಲಿಯ ನಟ್ಟನಡುವೆ ಇತ್ತು, ದೀಪ ಉರಿಯುತ್ತಿತ್ತು. ಈಗ ಕಳಸ ಗೇಣುದ್ದ ಉತ್ತರಕ್ಕೆ ಸರಿದಿತ್ತು. ಮೇಲೆ ಹೊಸದಾಗಿ ಅಕ್ಷತೆ ಬಿದ್ದಿತ್ತು. ದೀಪವನ್ನೂ ಯಾರೋ ಊದಿ ಆರಿಸದೆ, ಹೂವಿನಿಂದ ಅದುಮಿ ಶಾಂತ ಮಾಡಿದ್ದರು.

ಮುಲುಂಡ್‌ನ ಮನೆಯಲ್ಲಿ ಅವ್ವ ಮಾಡುವುದೂ ಹೀಗೆಯೇ. ಪೂಜೆಗಿಟ್ಟದ್ದನ್ನು ಎತ್ತುವ ಮುಂಚೆ ಅಕ್ಷತೆ ಹಾಕಿ ಕಳಸ ಕದಲಿಸಬೇಕು. ಅಲ್ಲಿಗೆ ಪೂಜೆ ಮುಗಿದಂತೆ. ಕದಲಿಸದೆ ಮುಟ್ಟಿದರೆ ಪಾಪ.

ದೇವರ ಅಪ್ಪಣೆ ಪಡೆದು ಕದ್ದ ಕಳ್ಳ!

*

ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಬೇಕೆಂದೇ ಒಂದು ಸುಳ್ಳು ಹೇಳಿದಳು.

"ಎಂಥಾ ಜನಾರೀ ಸರ! ಪೂಜಾ ಕದಲಿಸಿಲ್ಲ, ಏನಿಲ್ಲ. ದೇವರ ಮುಂದಿಂದ ಹಂಗ ಎತ್ಕೊಂಡು ಹೋಗ್ಯಾರ. ಅವರ ಮಕ್ಕಳು ಮರಿಗೆ ಒಳ್ಳೇದಾಗ್ತದೇನ್ರಿ?"

ಶಶಿಕಾಂತನ ಮುಖ ಬಿಳಿಚಿಕೊಂಡಿತು. "ಹಂಗನ್ನಬ್ಯಾಡ್ರಿ! ಅಕ್ಷತಾ ಹಾಕಿ ಕದಲಿಸೇ..."

ನಾಲಿಗೆ ಕಚ್ಚಿಕೊಂಡ.

"ಒಳಗ ಕಾಲಿಡದವರಿಗೆ ಅದು ಹೆಂಗ ಗೊತ್ತಾತ್ರಿ? ಕಾರಿನ ಡಿಕ್ಕಿ ತಗೀರಿ."

ಡಿಕ್ಕಿಯಲ್ಲಿ ಹೊಸ ಧೋತರದ ಗಂಟು. ಒಳಗೆ ಕುಂಕುಮ ಹಚ್ಚಿದ ಉಪಕರಣಗಳು. ಅಮೀರಸಾಬರು ಒಂದು ಸುತ್ತಿಗೆ ತೆಗೆದು ಕಲ್ಲಿಗೆ ಹೊಡೆದರು. ಅದರ ತಲೆ ಕಳಚಿ ಗೇಟಿನವರೆಗೆ ಹಾರಿತು. ಉಳಿಯ ಬಾಯಿ ಒಂದೇ ಏಟಿಗೆ ಮಡಚಿಕೊಂಡಿತು.

"ದಾನಿಗಳ ರೊಕ್ಕಾ ನುಂಗಿ ಈ ರದ್ದಿ ಮಾಲು ತಂದ್ರಿ," ಎಂದಳು ವಂದನಾ. "ಇವತ್ತ ಅವರ ಎದುರಿಗೆ ಹುಡುಗ್ರು ಕೆಲಸಾ ಮಾಡಿದ್ರ ಬಣ್ಣ ಬಯಲಾಗ್ತಿತ್ತು. ಅದಕ್ಕ ಮಾಲು ಗಾಯಬ್. ಬೀಗ ಒಡದಿದ್ರ ಹೊರಗಿನವರ ಮ್ಯಾಲೆ ಶಕ್ ಬರ್ತಿತ್ತು. ನಿಮಗ ಬೇಕಾಗಿದ್ದು ಸಾಬರು. ಕೀಲಿಯಿಂದ ತಗದ್ರಿ, ಬೆಂಚು ಕೆಡವಿದ್ರಿ. ಕಳಸ ಕೆಡವಾಕ ಮಾತ್ರ ಕೈ ಬರಲಿಲ್ಲ."

ಶಶಿಕಾಂತ ಕೈ ಮುಗಿದ. ಆ ಮುಗಿದ ಕೈ ನೋಡಿಯೇ ಅವಳಿಗೆ ಮೈ ಉರಿಯಿತು.

"ದೇವರನ್ನ ಕೇಳಿದ್ರಿ. ಆ ಸುತ್ತಿಗಿ ತಲಿ ಒಂದು ಹುಡುಗಿ ಕಣ್ಣಿಗೆ ಬಡದಿದ್ರ ಯಾರನ್ನ ಕೇಳ್ತಿದ್ರಿ?"

ಹವಾಲ್ದಾರ ಗಂಟಿಗೆ ಕೈ ಹಾಕಿದ್ದೇ ತಡ, ಶಶಿಕಾಂತ ಚೀರಿದ: "ಬೂಟು ಕಳೀರಿ! ಪೂಜಾ ಮಾಡಿದ್ದು!"

ವಂದನಾ ಆ ಗಂಟನ್ನು ಬೂಟುಗಾಲಿನಿಂದಲೇ ಜೀಪಿನತ್ತ ತಳ್ಳಿದಳು. ಆಮೇಲೆ ಅಮೀರಸಾಬರ ಅಬ್ಬಾನ ಉಳಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟಳು.