ಮುಲಾಮಿನ ಪೆಟ್ಟಿಗೆ ಹರಿದವರು

"ಆಂಟಿ, ನಾನು ಹರಿದಿಲ್ಲ. ನೀವಾದ್ರೂ ನಂಬಿ."

ಹುಡುಗಿ ಬಾಗಿಲಲ್ಲಿ ನಿಂತೇ ಹೇಳಿದಳು. ನಮ್ಮ ಮಹಡಿಯ ಕೋಣೆಯನ್ನು ಪ್ರಾಜೆಕ್ಟ್ ಕೆಲಸಕ್ಕೆಂದು ಬಾಡಿಗೆಗೆ ಹಿಡಿದಿದ್ದ ಮೂವರು ಡಿಸೈನ್ ವಿದ್ಯಾರ್ಥಿಗಳಲ್ಲಿ ಅವಳೊಬ್ಬಳು. ರಟ್ಟು ಕತ್ತರಿಸಿ, ಮಡಚಿ, ಪೆಟ್ಟಿಗೆ ಮಾಡುವುದು ಅವಳ ಪಾಲಿನ ಕೆಲಸ. ಹಾಗಾಗಿ ಗೆಳೆಯರು ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು.

"ಒಳಗೆ ಬಾ. ಕೂತ್ಕೊಂಡು ಹೇಳು" ಎಂದಳು ನನ್ನ ಹೆಂಡತಿ, ಕನ್ನಡಕ ಏರಿಸಿಕೊಳ್ಳುತ್ತ. ಆ ದನಿ ಕೇಳಿದ್ದೇ ನಾನು ಟೀಗೆ ನೀರಿಟ್ಟೆ. ಆಕೆ ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದು ನಿವೃತ್ತಳಾದವಳು. ಅಂದಿನಿಂದ ಬೀದಿಯವರ ಕಳವು, ಜಗಳ, ಅನುಮಾನಗಳೆಲ್ಲ ನೇರ ನಮ್ಮ ಮನೆಗೇ ಬರುತ್ತಿದ್ದವು. ಗಂಟು ಬಿಡಿಸುವುದು ಆಕೆ, ಟೀ ಮಾಡುವುದು ನಾನು. ಈ ಏರ್ಪಾಡಿನ ಬಗ್ಗೆ ನನ್ನದೇನೂ ತಕರಾರಿರಲಿಲ್ಲ.

ಕೀಲುನೋವಿನ ಮುಲಾಮು ತಯಾರಿಸುವ ಹಿರಿಯರೊಬ್ಬರು, ಎಲ್ಲರ ಬಾಯಲ್ಲೂ ಬರೀ ಯಜಮಾನರು, ತಮ್ಮ ಸರಕಿಗೆ ಹೊಸ ಲೋಗೋ ಮತ್ತು ಹೊಸ ಪೆಟ್ಟಿಗೆ ಬೇಕೆಂದು ಕಾಲೇಜಿಗೆ ಬಂದಿದ್ದರು. ಕೆಲಸ ಈ ತಂಡಕ್ಕೆ ಸಿಕ್ಕಿತ್ತು. ಕೊನೆಯ ವರ್ಷದ ಅಂಕಗಳೆಲ್ಲ ಅದರ ಮೇಲೆಯೇ. ಅವತ್ತು ಸಂಜೆ ಮೇಷ್ಟ್ರ ಮುಂದಿಡಬೇಕಿದ್ದ ಮಾದರಿ ಪೆಟ್ಟಿಗೆ ಬೆಳಿಗ್ಗೆ ನೋಡಿದರೆ ಹರಿದಿತ್ತು.

"ನಿನ್ನ ಮೇಲೇ ಯಾಕೆ ಅನುಮಾನ?"

"ಮುಚ್ಚಳದ ಲಾಕ್ ತುಂಬಾ ಬಿಗಿ, ತೆಗೆಯೋರಿಗೆ ಕಷ್ಟ ಆಗತ್ತೆ ಅಂತ ನಾನು ಮೊದಲಿಂದ ಜಗಳ ಆಡ್ತಿದ್ದೆ. ಅಗಲ ಮಾಡಿದ್ರೆ ಲೋಗೋ ಕೆಡತ್ತೆ ಅಂತ ಕ್ಯಾಪ್ಟನ್ ಒಪ್ಪಲಿಲ್ಲ. ಈಗ ಸರಿಯಾಗಿ ಅದೇ ಜಾಗದಲ್ಲಿ ಹರಿದಿದೆ. ಬೆಳಿಗ್ಗೆ ಮೊದಲು ಬಂದೋಳೂ ನಾನೇ. ನನ್ನ ಮಾತೇ ಸರಿ ಅಂತ ತೋರ್ಸೋಕೆ ಹೀಗೆ ಮಾಡಿದೀನಂತೆ. ಟೀಮಿಂದ ಹೆಸರು ತೆಗೀತಾನಂತೆ. ತೆಗೆದ್ರೆ ನನ್ನ ಒಂದು ವರ್ಷ ಹೋದ ಹಾಗೇ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮೂವರೂ ಮಹಡಿ ಹತ್ತಿದೆವು. ತಂಡದ ಮುಖ್ಯಸ್ಥ ಕ್ಯಾಪ್ಟನ್ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದ. ಚಿತ್ರ ಬಿಡಿಸುವ, ಬಣ್ಣ ಎಂಬ ಅಡ್ಡಹೆಸರಿನ ಹುಡುಗ ಕಿಟಕಿಯ ಹತ್ತಿರ ಕೂತಿದ್ದ. ಗೋಡೆಗೆ ಒರಗಿಸಿದ್ದ ಪ್ರದರ್ಶನದ ಫಲಕದ ಮೇಲೆ ಮೂವರ ಹೆಸರಿತ್ತು. ಮೂರನೆಯ ಹೆಸರಿನ ಮೇಲೆ ಆಗಲೇ ಬಿಳಿ ಕಾಗದದ ಪಟ್ಟಿ ಅಂಟಿತ್ತು. ಕ್ಯಾಪ್ಟನ್ನಿಗೆ ಕೋಪ ಮೂಗಿನ ತುದಿಯಲ್ಲೇ ಅನ್ನುವುದು ಗೊತ್ತಿತ್ತು, ಇಷ್ಟು ಆತುರ ಅನ್ನುವುದು ಗೊತ್ತಿರಲಿಲ್ಲ.

ಕಡುಹಸಿರು ಪೆಟ್ಟಿಗೆ, ಮುಚ್ಚಳದ ಸುತ್ತ ಬಂಗಾರದ ಗೆರೆ. ಲಾಕಿನ ಎರಡೂ ಬದಿಗೆ ಉಗುರಿನ ಗೀರುಗಳು. ಪಕ್ಕದ ಮೂಲೆಯಲ್ಲಿ ಒಂದು ಒರಟು ತೂತು, ಅಲ್ಲಿಂದ ಮುಚ್ಚಳ ಕಿತ್ತು ಬಂದಿತ್ತು. ಹರಿದ ಚೂರನ್ನು ಯಾರೋ ನೀಟಾಗಿ ಮಡಚಿ ಮೇಲಿಟ್ಟಿದ್ದರು. ಅದೇ ಮೇಜಿನ ಮೇಲೆ ಕತ್ತರಿಗಳು, ಬ್ಲೇಡುಗಳು ಸಾಲಾಗಿ ಇದ್ದವು.

"ಹರಿದ ಮೇಲೆ ಇದನ್ನ ಯಾರಾದ್ರೂ ಎತ್ತಿ ನೋಡಿದ್ರಾ?"

"ಇಲ್ಲ ಆಂಟಿ. ಮೇಷ್ಟ್ರಿಗೆ ತೋರ್ಸೋಕೆ ಹಾಗೇ ಬಿಟ್ಟಿದೀವಿ" ಎಂದ ಕ್ಯಾಪ್ಟನ್.

ಆಕೆ ಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟು ತೂಗಿದಂತೆ ಮಾಡಿ ಕೆಳಗಿಟ್ಟಳು. ಮೆಟ್ಟಿಲಿಳಿಯುವಾಗ ನಾನು ಮೆಲ್ಲಗೆ, "ಆ ಬಣ್ಣದ ಹುಡುಗನ ಬೆರಳ ತುದಿಯೆಲ್ಲ ಬಂಗಾರ, ನೋಡಿದ್ಯಾ?" ಎಂದೆ.

"ಬಣ್ಣ ಬಳಿಯೋನ ಕೈಲಿ ಬಣ್ಣ ಇರದೆ ಇನ್ನೇನಿರತ್ತೆ ರೀ?"

ನನ್ನ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು. ಆಕೆ ಜಗುಲಿಯ ಮೊಳೆಯಲ್ಲಿ ನೇತಾಡುತ್ತಿದ್ದ ಕೋಣೆಯ ಬೀಗದ ಕೈ ತೆಗೆದುಕೊಂಡಳು. ಕಳೆದುಹೋಗದಿರಲೆಂದು ನಾನು ಅದಕ್ಕೆ ಮುಷ್ಟಿಗಾತ್ರದ ಮರದ ತುಂಡು ಕಟ್ಟಿದ್ದೆ. "ಇದೇನು ಬೀಗದ ಕೈಯೋ, ಒನಕೆಯೋ" ಎಂದು ಆಕೆ ಆಡಿಕೊಳ್ಳದ ದಿನವಿರಲಿಲ್ಲ. ಅವತ್ತು ಮಾತ್ರ ಆಡಿಕೊಳ್ಳದೆ, ಅದರ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿದಳು.

"ನಾವಿಬ್ಬರೂ ಬೆಳಿಗ್ಗೆ ವಾಕಿಂಗ್ ಹೋದಾಗ ಇದು ಇಲ್ಲೇ ಇತ್ತಲ್ಲ?"

"ಇತ್ತು. ಯಾರು ಬೇಕಾದ್ರೂ ತಗೋಬಹುದಿತ್ತು."

"ಯಾರು ಬೇಕಾದ್ರೂ ಅಲ್ಲ, ಇದು ಇಲ್ಲಿರತ್ತೆ ಅಂತ ಗೊತ್ತಿದ್ದೋರು" ಎಂದು ಆಕೆ ಸೋಫಾದಲ್ಲಿ ಕೂತಳು. "ನಿನ್ನೆ ಸಂಜೆ ಕ್ಯಾಪ್ಟನ್ ಪೆಟ್ಟಿಗೆ ತಂದು ತೋರಿಸಿದ್ದು ಜ್ಞಾಪಕ ಇದೆಯಾ?"

ಇತ್ತು. ಯಜಮಾನರೂ ಇದ್ದರು. ಟೀ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕುಡಿಯುತ್ತಿದ್ದವರು, ಪೆಟ್ಟಿಗೆ ಮುಂದೆ ಹಿಡಿದಾಗ, "ನೀನೇ ತೆಗಿಯಪ್ಪ, ನಾನು ನೋಡ್ತೀನಿ" ಎಂದಿದ್ದರು. ಕ್ಯಾಪ್ಟನ್ ತೆಗೆದು ಒಳಗಿನ ಖಾಲಿ ಡಬ್ಬಿ ತೋರಿಸಿದ್ದ. ಇದರಲ್ಲಿ ಏನಿದೆಯೆಂದು ನನಗೆ ತಲೆಬುಡ ತಿಳಿಯಲಿಲ್ಲ.

ಊಟದ ಹೊತ್ತಿಗಿಂತ ಮುಂಚೆ ಯಜಮಾನರು ಬಂದರು. ನನ್ನ ಹೆಂಡತಿ ಎಲ್ಲರನ್ನೂ ಮಹಡಿಯ ಕೋಣೆಯಲ್ಲಿ ಕೂರಿಸಿದಳು. ಹರಿದ ಪೆಟ್ಟಿಗೆ ಮತ್ತು ಬೀಗದ ಕೈ ಮೇಜಿನ ಮೇಲಿದ್ದವು.

"ಈ ಹುಡುಗಿ ಹರಿದಿಲ್ಲ" ಎಂದು ಆಕೆ ಶುರುಮಾಡಿದಳು. "ಬೀಗದ ಕೈ ಹಲ್ಲುಗಳಲ್ಲಿ ಬಂಗಾರದ ಬಣ್ಣ, ರಟ್ಟಿನ ಎಳೆ ಸಿಕ್ಕಿಕೊಂಡಿದೆ. ಬಣ್ಣ ಮೆತ್ತಿದ ಕೈಲಿ ಬೀಗ ತೆಗೆದಿದ್ರೆ ಕಲೆ ಈ ಮರದ ಮೇಲಿರ್ತಿತ್ತು, ಹಲ್ಲಿನ ಸಂದಿಗೆ ಹೋಗ್ತಿರಲಿಲ್ಲ. ಅಂದ್ರೆ ಪೆಟ್ಟಿಗೆಗೆ ತೂತು ಮಾಡಿದ್ದು ಇದರಿಂದ. ಕತ್ತರಿ, ಬ್ಲೇಡು ಎದುರಿಗೇ ಇರುವಾಗ ಇದ್ಯಾಕೆ? ಕತ್ತರಿಗೆ ಬೆರಳು ಬೇಕು. ಇದನ್ನ ಎರಡು ಅಂಗೈ ನಡುವೆ ಹಿಡಿದ್ರೂ ಸಾಕು."

ಕ್ಯಾಪ್ಟನ್ ಬೀಗದ ಕೈ ಎತ್ತಿ ಅದರ ಹಲ್ಲುಗಳನ್ನು ನೋಡಿದ.

"ಇನ್ನು ಈ ಗೀರುಗಳು. ಹಾಳು ಮಾಡೋಕೆ ಬಂದವರು ಮೊದಲು ಲಾಕ್ ಬಿಡಿಸೋಕೆ ಇಷ್ಟು ಒದ್ದಾಡಲ್ಲ. ಹರಿದ ಚೂರು ಮಡಚಿ ಇಡೋದೂ ಇಲ್ಲ. ಇದನ್ನ ತೆಗೆಯೋಕೆ ಬಂದವರಿಗೆ ಕೆಡಿಸೋ ಮನಸ್ಸಿರಲಿಲ್ಲ. ಯಾಕೆ ತೆಗೆದ್ರು? ಎತ್ತಿ ನೋಡಪ್ಪ ಕ್ಯಾಪ್ಟನ್."

ಅವನು ಎತ್ತಿದ. "ಭಾರ ಇದೆ" ಎಂದ. ಒಳಗಿನ ಡಬ್ಬಿ ತೆರೆದರೆ ತುಂಬ ಮುಲಾಮು.

"ನಿನ್ನೆ ಖಾಲಿ ಇತ್ತು. ತುಂಬಿದ ಡಬ್ಬಿ ಯಾರ ಹತ್ರ ಇರತ್ತೆ, ನೀವೇ ಯೋಚನೆ ಮಾಡಿ. ಹೆಸರು ನಾನು ಹೇಳಲ್ಲ."

ಯಜಮಾನರು ಕೋಟಿನ ಜೇಬಿಗೆ ಕೈ ಹಾಕಿ, ಕಷ್ಟಪಟ್ಟು ಒಂದು ಖಾಲಿ ಡಬ್ಬಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟರು.

"ಹರಿದಿದ್ದು ನಾನು" ಎಂದರು. "ಮೇಷ್ಟ್ರು ಎತ್ತಿ ನೋಡಿದಾಗ ಖಾಲಿ ಅನ್ನಿಸಬಾರದು ಅಂತ, ಬೆಳಿಗ್ಗೆ ನೀವು ವಾಕಿಂಗ್ ಹೋದಾಗ ತುಂಬಿದ ಡಬ್ಬಿ ತಂದೆ. ಮುಚ್ಚಳ ತೆಗೆಯೋಕೆ ಬರಲಿಲ್ಲ. ಊರಿನವರ ಕೀಲಿಗೆಲ್ಲ ಮುಲಾಮು ಕೊಡೋನು, ನನ್ನ ಬೆರಳೇ ಮಡಚಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಮಗಳಿಗೂ ಹೇಳಿಲ್ಲ. ಹೇಳಿದ್ರೆ ನಾಳೆಯಿಂದ ಕಾರ್ಖಾನೆ ಒಳಗೇ ಬಿಡಲ್ಲ." ಆಮೇಲೆ ಹುಡುಗಿಯ ಕಡೆ ತಿರುಗಿದರು. "ನಿನ್ನ ತಲೆಗೆ ಬರತ್ತೆ ಅಂತ ಗೊತ್ತಿರಲಿಲ್ಲ ಮಗಳೇ. ತಪ್ಪಾಯ್ತು."

ನಾನು ಟೀಯ ನೆಪದಲ್ಲಿ ಏಳಬೇಕೆಂದುಕೊಂಡೆ, ಆದರೆ ಕತ್ತರಿ ಮೊದಲು ಎದ್ದಳು. ಕಪಾಟಿನ ಮೇಲಿಂದ ಧೂಳು ಹಿಡಿದ ಬಿಳಿ ಪೆಟ್ಟಿಗೆಯೊಂದನ್ನು ಇಳಿಸಿ, ಒರೆಸಿ, ಅವರ ಮುಂದಿಟ್ಟಳು. ಕ್ಯಾಪ್ಟನ್ ಬೇಡವೆಂದಿದ್ದ ಅವಳ ಮಾದರಿ. ಮುಚ್ಚಳದಲ್ಲಿ ಅಂಗೈ ಅಂಚು ಹಿಡಿಸುವಷ್ಟು ಅಗಲದ ಕಚ್ಚು ಇತ್ತು.

"ಬೆರಳು ಬೇಡ. ಕೈಯಿಂದ ಸುಮ್ನೆ ತಳ್ಳಿ ಸಾಕು."

ಯಜಮಾನರು ತಳ್ಳಿದರು. ತೆರೆಯಿತು. ಮುಚ್ಚಿದರು. ಮತ್ತೆ ತೆರೆದರು. ಇನ್ನೊಮ್ಮೆ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು, "ಮೇಷ್ಟ್ರು ನೋಡಿದ ಮೇಲೆ ಇದು ನನಗೆ ಬೇಕು. ಮಗಳ ಮುಂದೆ ಇದನ್ನಿಟ್ಟೇ ಮಾತು ತೆಗೀಬೇಕು" ಎಂದರು.

"ಸಂಜೆವರೆಗೆ ಹಸಿರು ಬಳಿಯೋಕಾದ್ರೂ ಕೊಡಿ" ಎಂದ ಬಣ್ಣ.

ಕ್ಯಾಪ್ಟನ್ ಫಲಕದ ಮುಂದೆ ಕೂತು, ಹೆಸರಿನ ಮೇಲಿದ್ದ ಬಿಳಿ ಪಟ್ಟಿಯನ್ನು ಉಗುರಿನಿಂದ ಕೀಳತೊಡಗಿದ್ದ. ಅಂಟು ಗಟ್ಟಿಯಾಗಿತ್ತು. ಕತ್ತರಿ ಅವನ ಪಕ್ಕಕ್ಕೆ ಬಂದು ಕೂತಳು.

"ಬಿಡು, ಹರೀತೀಯ" ಎಂದು ಬ್ಲೇಡು ತೆಗೆದುಕೊಂಡು, ತನ್ನ ಹೆಸರನ್ನು ತಾನೇ ನಾಜೂಕಾಗಿ ಬಿಡಿಸಿಕೊಂಡಳು.

ಎಲ್ಲರೂ ಹೋದ ಮೇಲೆ ನಾನು ಬೀಗದ ಕೈಯನ್ನು ಮೊಳೆಗೆ ಹಾಕುತ್ತ, "ಈ ಒನಕೆ ಬಿಚ್ಚಿ ಬೇರೆ ಏನಾದ್ರೂ ಸಣ್ಣದು ಕಟ್ಟಲಾ?" ಎಂದು ಕೇಳಿದೆ.

"ಬೇಡ, ಇರ್ಲಿ" ಎಂದಳು ನನ್ನ ಹೆಂಡತಿ. "ಯಜಮಾನರು ಮತ್ತೆ ಬರ್ತಾರೆ."