ಶುಂಠಿ ಇದೆ ಎಂದು ಬರೆದವಳು

ಬಸವೇಶ್ವರನಗರದ ವೆಂಕಟಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ಬಿದ್ದಿದ್ದರು. ಮೊದಲು ಕಂಡವಳು ಮಹಡಿಯ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ಲತಾ. ಒಲೆಯ ಮೇಲೆ ಹಾಲು ಉಕ್ಕಿ ಸೀದಿತ್ತು. ಅರವತ್ತೆಂಟು ವರ್ಷದ ಹೆಂಗಸಿನ ಮೈ ತಣ್ಣಗಿತ್ತು. ಉಸಿರು ಮಾತ್ರ ಇತ್ತು.

ಆಸ್ಪತ್ರೆಯ ಡಾಕ್ಟರು ಅವರ ಊದಿದ ಮುಖ ನೋಡಿದರು. ತೋಳಿನ ನೀಲಿ ಕಲೆ ನೋಡಿದರು.

"ಯಾವ ಸ್ಟೀರಾಯ್ಡ್ ತಗೋತಿದ್ರು?"

"ಇಂಗ್ಲಿಷ್ ಮಾತ್ರೆ ಮುಟ್ಟೋರೇ ಅಲ್ಲ ಸಾರ್," ಎಂದಳು ಲತಾ. "ಮಂಡಿ ನೋವಿಗೆ ಒಂದು ಆಯುರ್ವೇದದ ಪುಡಿ ತಿಂತಿದ್ರು. ಅದೂ ಖಾಲಿಯಾಗಿ ನಾಲ್ಕು ದಿನ ಆಯ್ತು."

ಡಾಕ್ಟರು ಪೊಲೀಸರಿಗೆ ಫೋನ್ ಮಾಡಿದರು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಿಂದ ಮೈ, ಅದು ಒಮ್ಮೆಲೇ ನಿಂತರೆ ಹೀಗೆ ಕುಸಿಯುತ್ತದೆ.

* * *

ಮರುದಿನ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರ್ ಗಿರಿರಾಜ್ ರಾಜಾಜಿನಗರದ ಒಂದು ಖಾಸಗಿ ಲ್ಯಾಬಿಗೆ ಬಂದ. ಗಿಡಮೂಲಿಕೆ ಔಷಧಿಗಳ ಗುಣಮಟ್ಟ ಪರೀಕ್ಷಿಸುವ ಲ್ಯಾಬು ಅದು. ಅಲ್ಲಿ ಹನ್ನೊಂದು ವರ್ಷದಿಂದ ಪರೀಕ್ಷಕಿಯಾಗಿದ್ದವಳು ಭುವನೇಶ್ವರಿ. ಗಿರಿರಾಜ್ ಅವಳ ಮೇಜಿನ ಮೇಲೆ ಎರಡು ವಸ್ತು ಇಟ್ಟ. ಒಂದು, 'ಮಂಡಿಮಿತ್ರ ಚೂರ್ಣ'ದ ಸೀಲ್ ಒಡೆಯದ ಬಾಟಲಿ. ಇನ್ನೊಂದು, ಲ್ಯಾಮಿನೇಟ್ ಮಾಡಿದ ಪರೀಕ್ಷಾ ವರದಿ.

"ಈ ಸೈನ್ ನಿಮ್ಮದಾ ಮೇಡಂ?"

"ನಂದೇ."

"ವಿಜಯನಗರದಲ್ಲಿ ನಾಗರಾಜು ಅನ್ನೋರ ಅಂಗಡಿ ಗೋಡೆ ಮೇಲಿತ್ತು. 'ಸ್ಟೀರಾಯ್ಡ್: ಇಲ್ಲ' ಅಂತಿದೆ. ಇದನ್ನ ನೋಡೇ ಬಸವೇಶ್ವರನಗರದ ಒಬ್ಬ ಆಯಮ್ಮ ಆರು ತಿಂಗಳಿಂದ ಪುಡಿ ತಿಂದು ಈಗ ಆಸ್ಪತ್ರೇಲಿದಾರೆ."

ಭುವನೇಶ್ವರಿ ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾನೇ ಪರೀಕ್ಷೆ ಮಾಡಿದೀನಿ ಸಾರ್. ಇರಲಿಲ್ಲ."

"ಸರ್ಕಾರಿ ಲ್ಯಾಬಿಗೂ ಒಂದು ಬಾಟಲಿ ಕಳಿಸಿದೀನಿ. ಅಲ್ಲಿಂದ ಬರೋಕೆ ದಿನ ಹಿಡಿಯುತ್ತೆ. ನೀವೀಗ ನನ್ನೆದುರಿಗೇ ಮಾಡಿ."

ಅವಳೇ ಸೀಲ್ ಒಡೆದಳು. ಪುಡಿಯ ರಸವನ್ನು ಪರೀಕ್ಷೆಯ ಗಾಜಿನ ತಟ್ಟೆಗೆ ಒಂದು ಹನಿ ಬಿಟ್ಟಳು. ಪಕ್ಕದಲ್ಲಿ ಅಸಲಿ ಸ್ಟೀರಾಯ್ಡಿನ ಒಂದು ಹನಿ ಬಿಟ್ಟು ತಟ್ಟೆಯನ್ನು ದ್ರಾವಣದಲ್ಲಿ ನಿಲ್ಲಿಸಿದಳು. ಗಂಟೆಯ ನಂತರ ನೇರಳೆ ದೀಪದ ಕೆಳಗೆ ಹಿಡಿದಾಗ ಎರಡು ಕಪ್ಪು ಚುಕ್ಕೆಗಳು ಒಂದೇ ಎತ್ತರಕ್ಕೆ ಬಂದು ನಿಂತಿದ್ದವು. ಪುಡಿಯಲ್ಲಿ ಸ್ಟೀರಾಯ್ಡ್ ಇತ್ತು.

ಬಾಟಲಿಯ ಮೇಲಿದ್ದದ್ದು ಹದಿನಾಲ್ಕನೇ ಬ್ಯಾಚು. ಪರೀಕ್ಷೆಗೆ ಬಂದ ಪ್ರತಿ ಬ್ಯಾಚಿನ ಪುಡಿಯಲ್ಲೂ ಸ್ವಲ್ಪವನ್ನು ಲ್ಯಾಬಿನಲ್ಲಿ ಎತ್ತಿಡುತ್ತಾರೆ. ಅವಳು ಹದಿನಾಲ್ಕನೇ ಡಬ್ಬಿ ತಂದು ಅದನ್ನೂ ಪರೀಕ್ಷಿಸಿದಳು. ಅದರಲ್ಲಿ ಚುಕ್ಕೆ ಬರಲಿಲ್ಲ.

"ಅಂದ್ರೆ ನಿಮಗೆ ಬಂದ ಪುಡಿನೇ ಬೇರೆ," ಎಂದ ಗಿರಿರಾಜ್. "ಫ್ಯಾಕ್ಟರಿಯಿಂದ ಇಲ್ಲಿಗೆ ಯಾರು ತರ್ತಾರೆ?"

"ನಮ್ಮ ಲ್ಯಾಬಿನ ಮಡಿವಾಳಪ್ಪ." ಹೆಸರು ಬಾಯಿಂದ ಜಾರಿಬಿಟ್ಟಿತು. "ಕೆಂಗೇರಿಯಲ್ಲಿ ಉದಯಕುಮಾರ್ ಅನ್ನೋರ ಫ್ಯಾಕ್ಟರಿ. ಅಲ್ಲಿಂದ ಬೈಕಲ್ಲಿ ಒಬ್ಬನೇ ತರೋದು. ದಾರೀಲಿ ಬದಲಾಯಿಸೋಕೆ ಅವನಿಗೆ ಮಾತ್ರ ಆಗುತ್ತೆ."

ಲ್ಯಾಬಿನ ಮುಖ್ಯಸ್ಥ ಯೋಗಾನಂದ ಆಗಲೇ ಬಂದು ಹಿಂದೆ ನಿಂತಿದ್ದರು. ಅವಳಿಗೆ ಈ ಕೆಲಸವನ್ನು ಅಆಇಈಯಿಂದ ಕಲಿಸಿದವರು. ಅವರೂ ತಲೆಯಾಡಿಸಿದರು. "ನನಗೂ ಅವನ ಮೇಲೆ ಅನುಮಾನ ಇತ್ತು."

ಗದಗಿನ ಕಡೆಯ ಮಡಿವಾಳಪ್ಪ ಅಂಗಳದಲ್ಲಿ ಬೈಕ್ ನಿಲ್ಲಿಸುತ್ತಿದ್ದ. ಪೊಲೀಸರು ಅಲ್ಲಿಂದಲೇ ಕರೆದೊಯ್ದರು.

"ನಾ ಏನ್ ಮಾಡೀನ್ರೀ ಮೇಡಂ?"

ಅವಳು ಒಳಗೆ ಹೋದಳು.

* * *

ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಡಬ್ಬಿಯಲ್ಲಿದ್ದ ಪುಡಿ ಮತ್ತಿನ್ನಾವುದು ಎಂದು ತಿಳಿಯಲು ಭುವನೇಶ್ವರಿ ಅದನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು. ಪಕ್ಕಕ್ಕೆ ಬಾಟಲಿಯ ಲೇಬಲ್ ಇಟ್ಟುಕೊಂಡು ಒಂದೊಂದೇ ಮೂಲಿಕೆ ಹುಡುಕಿದಳು. ಎಲ್ಲ ಸಿಕ್ಕವು. ಶುಂಠಿ ಮಾತ್ರ ಸಿಗಲಿಲ್ಲ.

ಶುಂಠಿಯ ಹಿಟ್ಟಿನ ಕಣಗಳನ್ನು ಗುರುತಿಸುವುದು ಕಷ್ಟವಲ್ಲ. ಒಂದು ತುದಿ ಕೊಕ್ಕಿನಂತೆ ಚೂಪಾಗಿರುತ್ತದೆ. ಬಾಟಲಿಯ ಪುಡಿಯಲ್ಲಿ ಅವು ರಾಶಿಯಾಗಿದ್ದವು. ಡಬ್ಬಿಯ ಪುಡಿಯಲ್ಲಿ ಒಂದೂ ಇಲ್ಲ.

ಅವಳು ಹಳೆಯ ಫೈಲು ತೆಗೆದಳು. ಫ್ಯಾಕ್ಟರಿಯವರು ಶುಂಠಿ ಸೇರಿಸಲು ಶುರುಮಾಡಿದ್ದು ಹನ್ನೆರಡನೇ ಬ್ಯಾಚಿನಿಂದ. ಹನ್ನೆರಡು, ಹದಿಮೂರು, ಹದಿನಾಲ್ಕು, ಮೂರೂ ಡಬ್ಬಿಗಳನ್ನು ನೋಡಿದಳು. ಮೂರರಲ್ಲೂ ಶುಂಠಿಯಿಲ್ಲದ ಹಳೆಯ ಪುಡಿ. ಯಾರೋ ಶುಂಠಿ ಸೇರುವ ಮೊದಲಿನ ಒಳ್ಳೆಯ ಪುಡಿಯನ್ನು ಬಚ್ಚಿಟ್ಟುಕೊಂಡು ಪ್ರತಿ ಸಲವೂ ಅದನ್ನೇ ಕೊಟ್ಟಿದ್ದಾರೆ.

ಮೂರೂ ವರದಿಗಳಲ್ಲಿ ಅವಳದೇ ಅಕ್ಷರ: 'ಶುಂಠಿ: ಇದೆ.'

ಸ್ಟೀರಾಯ್ಡ್ ಪರೀಕ್ಷೆಯನ್ನು ಅವಳು ತಪ್ಪದೆ ಮಾಡುತ್ತಿದ್ದಳು. ಮೈಕ್ರೋಸ್ಕೋಪಿನ ಕೆಲಸ ಗಂಟೆಗಟ್ಟಲೆ ಹೊತ್ತು ತಿನ್ನುತ್ತಿತ್ತು. ಎರಡು ವರ್ಷದಿಂದ ಅದನ್ನು ಬಿಟ್ಟಿದ್ದಳು. ಲೇಬಲ್ ನೋಡಿ ಪಟ್ಟಿ ಇಳಿಸಿ, ಎದುರಿಗೆ 'ಇದೆ' ಎಂದು ಬರೆದು, ಸೈನ್ ಹಾಕಿ, ಅತ್ತಿಗುಪ್ಪೆಯ ಮನೆಗೆ ಮೆಟ್ರೋ ಹಿಡಿಯುತ್ತಿದ್ದಳು. ಹನ್ನೆರಡನೇ ಬ್ಯಾಚಿನ ದಿನ ಒಮ್ಮೆ ಕಣ್ಣಿಟ್ಟು ನೋಡಿದ್ದರೆ ಮೋಸ ಆವತ್ತೇ ಸಿಕ್ಕಿಬೀಳುತ್ತಿತ್ತು. ಅದಾಗಿ ಆರು ತಿಂಗಳು.

ಅವಳಿಗೆ ಅಲ್ಲೇ ಭೂಮಿಗಿಳಿದು ಹೋದಂತಾಯಿತು. ಸ್ಲೈಡ್ ತೊಳೆದಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ನಲ್ಲಿಯವರೆಗೆ ಹೋದಳು ಕೂಡ. ನಲ್ಲಿ ತಿರುಗಿಸಲು ಕೈ ಬರಲಿಲ್ಲ. ಮಡಿವಾಳಪ್ಪ ಠಾಣೆಯ ಬೆಂಚಿನ ಮೇಲೆ ಕೂತಿದ್ದಾನೆ, ತನ್ನ ಮಾತಿನಿಂದ.

ಅವನು ನಿಜಕ್ಕೂ ಏನು ತಂದಿದ್ದನೆಂದು ನೋಡಲು ಉಗ್ರಾಣಕ್ಕೆ ಹೋದಳು. ಫ್ಯಾಕ್ಟರಿಯಲ್ಲಿ ಮಡಿವಾಳಪ್ಪ ಸೀಲ್ ಮಾಡಿ ತರುವ ಕವರುಗಳನ್ನು, ಒಡೆದ ಮೇಲೂ, ಎರಡು ವರ್ಷ ಇಡಬೇಕೆಂಬ ನಿಯಮ. ಹದಿನಾಲ್ಕನೇ ಕವರು ಸಿಕ್ಕಿತು. ಮಡಿಕೆಯ ಮೂಲೆಯಲ್ಲಿ ಚಿಟಿಕೆಯಷ್ಟು ಪುಡಿ ಉಳಿದಿತ್ತು.

ಅದರಲ್ಲಿ ಶುಂಠಿ ಇತ್ತು. ಸ್ಟೀರಾಯ್ಡಿನ ಚುಕ್ಕೆಯೂ ಬಂತು.

ಅವಳು ಗಿರಿರಾಜನಿಗೆ ಫೋನ್ ಮಾಡಿದಳು.

* * *

ಸಂಜೆ ಐದಕ್ಕೆ ಯೋಗಾನಂದರ ಕೋಣೆಯಲ್ಲಿ ನಾಲ್ವರು ಸೇರಿದರು. ಮಡಿವಾಳಪ್ಪ ಬಾಗಿಲ ಬಳಿ ನಿಂತ.

"ಮಡಿವಾಳಪ್ಪ ತಂದಿದ್ದು ಸರಿಯಾದ ಪುಡಿನೇ," ಎಂದಳು ಭುವನೇಶ್ವರಿ. "ಕವರಿನ ಮೂಲೇಲಿ ಅದು ಇನ್ನೂ ಇದೆ. ಬದಲಾಗಿದ್ದು ಕವರ್ ಒಡೆದ ಮೇಲೆ. ಇಲ್ಲಿ ಕವರ್ ಒಡೆಯೋದು ನೀವೊಬ್ಬರೇ ಸಾರ್. ಡಬ್ಬಿಗೆ ತುಂಬಿ, ನಂಬರ್ ಬರೆದು ನನಗೆ ಕೊಡೋದೂ ನೀವೇ."

ಯೋಗಾನಂದ ನಕ್ಕರು. "ಕವರಿನ ಧೂಳು ಸಾಕ್ಷಿನಾ?"

"ಕೆಂಗೇರಿಯಿಂದ ಈಗ ತಾನೇ ಫೋನ್ ಬಂತು," ಎಂದ ಗಿರಿರಾಜ್. "ಫ್ಯಾಕ್ಟರಿ ಒಳಗೆ ಸ್ಟೀರಾಯ್ಡ್ ಪುಡಿ ಡ್ರಮ್ಮಲ್ಲೇ ಸಿಕ್ಕಿದೆ. ಉದಯಕುಮಾರ್ ಬಾಯಿ ಬಿಟ್ಟಿದಾರೆ. ನಿಮ್ಮ ತಂಗಿ ಗಂಡ ಅಂತೆ?"

ಯೋಗಾನಂದರ ನಗು ಆರಿತು. "ಫ್ಯಾಕ್ಟರಿ ಮುಚ್ಚಿದ್ರೆ ನನ್ನ ತಂಗಿ ಬೀದಿಗೆ ಬೀಳ್ತಿದ್ಲು," ಎಂದರು. ಆಮೇಲೆ ಭುವನೇಶ್ವರಿಯತ್ತ ತಿರುಗಿದರು. "ಶುಂಠಿ ಸೇರಿಸಿದಾರೆ ಅಂತ ನನಗೂ ಗೊತ್ತಿತ್ತು. ಆದ್ರೂ ಹಳೇ ಪುಡಿನೇ ಯಾಕೆ ಕೊಟ್ಟೆ ಗೊತ್ತಾ? ನೀನು ಮೈಕ್ರೋಸ್ಕೋಪ್ ನೋಡಲ್ಲ ಅಂತ ಧೈರ್ಯ ಇತ್ತು ಕಣಮ್ಮ."



"ಹೌದು ಸಾರ್," ಎಂದಳು ಅವಳು. "ನಾನು ನೋಡಲಿಲ್ಲ. ಗಿರಿರಾಜ್ ಸಾರ್, ಅದನ್ನೂ ಬರ್ಕೊಳ್ಳಿ. ಮೂರು ವರದಿಗೂ ಸುಳ್ಳು ಬರೆದವಳು ನಾನು."

ಹೊರಗೆ ಅವಳು ಮಡಿವಾಳಪ್ಪನ ಹಿಂದೆ ಹೋದಳು. "ನನ್ನಿಂದ ತಪ್ಪಾಯ್ತು."

ಅವನು ಬೈಕಿನ ಕೀಲಿ ಹುಡುಕುತ್ತಿದ್ದ. "ಕವರ್ ನೋಡೂಕಿಂತ ಮೊದ್ಲ ನನ್ನ ಹೆಸರು ಹೇಳಿದ್ರಿ," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮಿಸಿದೆ ಎಂದೂ ಅವನು ಹೇಳಲಿಲ್ಲ.

* * *

ಆಸ್ಪತ್ರೆಯಲ್ಲಿ ವೆಂಕಟಲಕ್ಷ್ಮಮ್ಮ ದಿಂಬಿಗೆ ಒರಗಿ ಕೂತಿದ್ದರು. ಭುವನೇಶ್ವರಿ ನಿಂತೇ ಎಲ್ಲ ಹೇಳಿದಳು.

"ನೀನು ಓದಿದವಳು. ಸೈನ್ ಹಾಕಿದೀಯ ಅಂತ ನಂಬಿದ್ವಿ." ಮುದುಕಿ ಉಸಿರೆಳೆದುಕೊಂಡರು. "ನಮ್ಮ ಬೀದಿಲೇ ಇನ್ನೂ ನಾಲ್ಕು ಜನ ತಿಂತಾರೆ. ಪೊಲೀಸ್ರು ಅಂಗಡಿ ಮುಚ್ಚಿಸಿದ್ರಂತೆ. ಅವರಿಗೂ ಪುಡಿ ಸಿಗಲ್ಲ. ನನ್ ಥರಾನೇ ಬೀಳ್ತಾರಲ್ಲ, ಅವರಿಗೆ ಯಾರು ಹೇಳೋದು?"

ಭುವನೇಶ್ವರಿ ಆಟೋ ಹಿಡಿದು ವಿಜಯನಗರಕ್ಕೆ ಹೋದಳು. ಅಂಗಡಿಯ ನಾಗರಾಜು ಮುಚ್ಚಿದ ಷಟರಿನ ಮುಂದೆ ಕೂತಿದ್ದ. ಪುಡಿ ತರಿಸಿಕೊಳ್ಳುತ್ತಿದ್ದವರ ನಂಬರುಗಳು ಅವನ ಫೋನಿನಲ್ಲಿದ್ದವು. ಒಟ್ಟು ಐವತ್ತೆರಡು. ಅವನು ಓದುತ್ತ ಹೋದ. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಮೊದಲನೆಯ ನಂಬರು ಒತ್ತಿದಳು.

"ಹಲೋ, ಯಾರು?" ವಯಸ್ಸಾದ ಗಂಡಸಿನ ದನಿ.

"ನನ್ನ ಹೆಸರು ಭುವನೇಶ್ವರಿ. ಮಂಡಿಮಿತ್ರ ಪುಡಿ ಚೆನ್ನಾಗಿದೆ ಅಂತ ಸೈನ್ ಹಾಕಿದವಳು. ನೋಡದೆ ಹಾಕಿದೆ. ಅದರಲ್ಲಿ ಸ್ಟೀರಾಯ್ಡ್ ಇದೆ. ತಿನ್ನೋದನ್ನ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಇವತ್ತೇ ಡಾಕ್ಟರ್ ಹತ್ರ ಹೋಗಿ."

ಆ ಕಡೆಯಿಂದ ಬೈಗುಳ ಶುರುವಾಯಿತು. ಅವಳು ಫೋನ್ ಕಿವಿಯಿಂದ ತೆಗೆಯಲಿಲ್ಲ. ಬೈದು ಮುಗಿಸುವವರೆಗೆ ಕೇಳಿದಳು. ಡಾಕ್ಟರ ಬಳಿ ಹೋಗುತ್ತೇನೆಂದು ಅವರ ಬಾಯಲ್ಲಿ ಹೇಳಿಸಿದಳು. ಆಮೇಲೆ ನಾಗರಾಜುವಿನ ಕಡೆ ತಿರುಗಿ ಎರಡನೆಯ ನಂಬರು ಕೇಳಿದಳು.